ಸಸಿ ನೆಟ್ಟ ಗುಂಡಿಯ ಲೆಕ್ಕ ಬೇಡ, ಮೂರು ಬೇಸಿಗೆಯ ಲೆಕ್ಕ ಕೊಡಿ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಎಲ್ಲಿ ನೋಡಿದರೂ ರಸ್ತೆ, ಸುರಂಗ, ಮೇಲ್ಸೇತುವೆಗಳದ್ದೇ ಮಾತು. ಮರದ ಮಾತು ಜೋರಾಗಿ ಕೇಳುವುದು ಜೂನ್ 5ಕ್ಕೆ, ಪರಿಸರ ದಿನಕ್ಕೆ ಮಾತ್ರ. ಅವತ್ತು ಎಷ್ಟು ಸಸಿ ನೆಟ್ಟೆವು ಅಂತ ಹೇಳುತ್ತಾರೆ. ಮೂರು ಬೇಸಿಗೆ ಕಳೆದ ಮೇಲೆ ಎಷ್ಟು ಉಳಿದವು ಅಂತ ಯಾರೂ ಹೇಳುವುದಿಲ್ಲ. ನಾನು ಇವತ್ತು ಈ ಒಂದು ಪ್ರಶ್ನೆ ಹಿಡಿದುಕೊಂಡೇ ಬಂದಿದ್ದೇನೆ.

ಎಸ್.ಜಿ. ನೇಗಿನಹಾಳ ಅವರ ಹೆಸರು ಇಲ್ಲಿ ಹಿರಿಯರಿಗೆ ಗೊತ್ತು. ಕಿರಿಯರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1980ರ ದಶಕದ ಆರಂಭ, ಗುಂಡೂರಾವ್ ಮುಖ್ಯಮಂತ್ರಿ. ಬೆಂಗಳೂರಿನಲ್ಲಿ ಮರ ಬೆಳೆಸುವ ಕೆಲಸ ಅರಣ್ಯ ಇಲಾಖೆಯ ಈ ಅಧಿಕಾರಿಯ ಹೆಗಲಿಗೆ ಬಿತ್ತು. ಆಗ ಬೀದಿಯಲ್ಲಿ ದನಗಳು ಆರಾಮಾಗಿ ಓಡಾಡುತ್ತಿದ್ದವು. ಮೊಣಕಾಲೆತ್ತರದ ಸಸಿ ಇಟ್ಟರೆ ಅದು ದನದ ಬಾಯಿಗೆ ಹೋಗುತ್ತಿತ್ತು, ಅಷ್ಟೇ. ನೇಗಿನಹಾಳರು ಸಸಿಯನ್ನು ನರ್ಸರಿಯಲ್ಲೇ ಎತ್ತರಕ್ಕೆ ಬೆಳೆಸಿ, ದನದ ಬಾಯಿಗೆ ಎಟುಕದ ಹಾಗಾದ ಮೇಲೆ ಬೀದಿಗೆ ತಂದರು. ಸುತ್ತ ಕಾವಲು ಕಟ್ಟಿಸಿದರು. ಹೀಗೆ ನಗರದಲ್ಲಿ ಸುಮಾರು 15 ಲಕ್ಷ ಮರಗಳಾದವು. ನೀವು ಇಲ್ಲಿಗೆ ಬರುವಾಗ ಯಾವುದಾದರೂ ಹಳೇ ಬಡಾವಣೆಯ ನೆರಳಲ್ಲಿ ಗಾಡಿ ನಿಲ್ಲಿಸಿದ್ದರೆ, ಆ ನೆರಳು ಅವರದ್ದೇ ಇರಬಹುದು! ಅವರ ಜಾಣತನ ಇದ್ದದ್ದು ನೆಟ್ಟ ಮೇಲಿನ ದಿನಗಳ ಯೋಚನೆಯಲ್ಲಿ. ಸಾಲುಮರದ ತಿಮ್ಮಕ್ಕನವರು ಹುಲಿಕಲ್‌ನಿಂದ ಕುದೂರಿನವರೆಗೆ ಆಲ ಬೆಳೆಸಿದ್ದೂ ಹೀಗೇ ಅಲ್ವಾ? ಕೊಡದಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ.

ನಾವೀಗ ಮಾಡುತ್ತಿರುವುದು ತೊಟ್ಟಿಲು ಕಟ್ಟಿ, ಹೆಸರಿಟ್ಟು, ಮಗುವನ್ನು ಅಲ್ಲೇ ಬಿಟ್ಟು ಮನೆಗೆ ಬಂದ ಹಾಗೆ.

ಇನ್ನು ಇರುವ ಮರಗಳ ವಿಷಯ. ಬೆಂಗಳೂರಿನ ಬೀದಿಗಳಲ್ಲೇ ಅಳೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಮಧ್ಯಾಹ್ನದ ಹೊತ್ತು ಮರವಿರುವ ರಸ್ತೆಯ ಗಾಳಿ, ಮರವಿಲ್ಲದ ರಸ್ತೆಗಿಂತ 5.6 ಡಿಗ್ರಿಯವರೆಗೂ ತಂಪಾಗಿತ್ತು. ಡಾಂಬರಿನ ಮೇಲ್ಮೈ 27.5 ಡಿಗ್ರಿಯವರೆಗೂ ತಂಪು. ಬಿಸಿಲಲ್ಲಿ ತಳ್ಳುಗಾಡಿ ನೂಕುವವರಿಗೆ ಇದನ್ನು ಅಂಕಿಯಲ್ಲಿ ಹೇಳಬೇಕಾಗಿಲ್ಲ. ಆದರೆ ಈ ತಂಪು ಕೊಡುವುದು ದೊಡ್ಡ ಕೊಂಬೆಯ ಮರ. "ಒಂದು ಕಡಿದರೆ ಹತ್ತು ನೆಡುತ್ತೇವೆ" ಅನ್ನುವ ಮಾತು ನನಗೆ ಸಿಟ್ಟು ತರಿಸುವುದು ಇದಕ್ಕೇ. ಆ ಹತ್ತು ಸಸಿ ಮೂರು ಬೇಸಿಗೆ ದಾಟಿದರೂ ಒಂದು ಹಳೇ ಮರದ ನೆರಳಾಗುವುದಿಲ್ಲ. ದಾಟದಿದ್ದರಂತೂ ಕೇಳುವುದೇ ಬೇಡ.

ಮಳೆ ಬಂದಾಗ ಮರ ಬಿತ್ತು, ಕಾರು ಜಖಂ ಅಂತ ಸುದ್ದಿ ಬರುತ್ತದೆ. ತಕ್ಷಣ ಮರದ ಮೇಲೆ ತಪ್ಪು. ಸ್ವಲ್ಪ ಬುಡ ನೋಡಿ. ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಮೋರಿಗೆ ಒಮ್ಮೆ, ಕೇಬಲ್‌ಗೆ ಒಮ್ಮೆ ಅಗೆದು ಒಂದು ಪಕ್ಕದ ಬೇರು ಕತ್ತರಿಸುತ್ತಾರೆ. ಕರೆಂಟು ತಂತಿ ಅಂತ ಮೇಲೆ ಒಂದೇ ಪಕ್ಕದ ಕೊಂಬೆ ಕತ್ತರಿಸುತ್ತಾರೆ. ಆಮೇಲೆ ಬುಡಕ್ಕೆ ಒತ್ತಿಕೊಂಡೇ ಕಾಂಕ್ರೀಟ್. ಹೀಗೆ ನಿಂತ ಮರ ಗಾಳಿಗೆ ಬೀಳದೆ ಇನ್ನೇನು ಮಾಡೀತು? ಮರದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ತೆಗೆಯಿರಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಗೆ ಹೇಳಿತ್ತು. ರಸ್ತೆಗೆ ಕಾಂಕ್ರೀಟ್ ಹಾಸುವ ನಮ್ಮ ವೈಟ್ ಟಾಪಿಂಗ್ ಟೆಂಡರಿನಲ್ಲಿ ಆ ಒಂದು ಮೀಟರ್ ಬರೆಸುವುದು ಅಷ್ಟು ಕಷ್ಟವೇ?

ಸಮಯ ಆಯಿತು ಅಂತ ಚೀಟಿ ಬಂದಿದೆ, ಬೇಗ ಮುಗಿಸುತ್ತೇನೆ. ಯಾವ ಗಿಡ ಅನ್ನುವುದರ ಬಗ್ಗೆ ಜಾಸ್ತಿ ಹೇಳಬೇಕು ಅಂತಿದ್ದೆ. ಒಂದು ಹೂ ಮುಗಿಯುವಾಗ ಇನ್ನೊಂದು ಅರಳಬೇಕು ಅಂತ ಹಿಂದೆ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಈ ಊರಿಗೆ ಮರ ಆರಿಸಿದರು. ಹೂ ತುಂಬಿದ ಟಬೆಬುಯಾ ಮರದ ಫೋಟೋ ನೀವೂ ಹಾಕಿ, ಬೇಡ ಅನ್ನುವುದಿಲ್ಲ. ತಂತಿಯ ಕೆಳಗೆ ಕಕ್ಕೆ, ಬಸವನಪಾದ ಇರಲಿ. ಜಾಗ ಇದ್ದಲ್ಲಿ ಹೊಂಗೆ, ನೇರಳೆ.

ಮರ ಉಳಿಸುವ ಕಾನೂನು 1976ರಿಂದಲೂ ಇದೆ. ಆಮೇಲೆ ಆದ ತಿದ್ದುಪಡಿಯ ಪ್ರಕಾರ, 50ಕ್ಕಿಂತ ಜಾಸ್ತಿ ಮರ ಕಡಿಯುವುದಿದ್ದರೆ ಜನರ ಆಕ್ಷೇಪಣೆ ಕೇಳಲೇಬೇಕು. ಆ ನೋಟಿಸ್ ಕಂಡಾಗ ಸುಮ್ನೆ ಮುಂದೆ ಹೋಗಬೇಡಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಕಟ್ಟಲು ಹೊರಟಿದ್ದ ಉಕ್ಕಿನ ಸೇತುವೆಗೆ 812 ಮರ ಹೋಗುತ್ತಿದ್ದವು. 2016ರ ಅಕ್ಟೋಬರಿನಲ್ಲಿ ಜನ ಕೈ ಹಿಡಿದು ಸಾಲಾಗಿ ನಿಂತರು, 2017ರಲ್ಲಿ ಯೋಜನೆ ಕೈಬಿಟ್ಟರು. ನಿಮ್ಮಲ್ಲೂ ಕೆಲವರು ಅಲ್ಲಿದ್ದಿರಿ.

ಬಾಗಿಲ ಹತ್ತಿರ ಒಂದು ಪುಸ್ತಕ ಇಟ್ಟಿದ್ದೇವೆ. ನಿಮ್ಮ ಬೀದಿಯಲ್ಲಿ ಈ ವರ್ಷ ನೆಟ್ಟ ಒಂದು ಗಿಡ ಯಾವ ತಿರುವಿನಲ್ಲಿದೆ, ಯಾವ ಜಾತಿಯದು, ನೀರು ಯಾರು ಹಾಕುತ್ತಾರೆ, ಇಷ್ಟು ಬರೆಯಿರಿ. ಮೂರು ಬೇಸಿಗೆ ಆದ ಮೇಲೆ ಈ ಪುಸ್ತಕವನ್ನೇ ತೆಗೆದುಕೊಂಡು ಪಾಲಿಕೆಗೆ ಹೋಗೋಣ.