ಗಾಡ್ಯಾಗ ಯಾರ್ಯಾರು ಅದೀರಿ?

ಕೇಳುಗರಿಗೆ ನಮಸ್ಕಾರ.

ಗಾಡಿ ಓಡಿಸುವಾಗ ಫೋನು ಕೈಯಲ್ಲಿ ಹಿಡಿಯದೆ ಮಾತಾಡಲು ಬ್ಲೂಟೂತ್ ಕೂರಿಸಿದ ಕಥೆ ಇದು. ನಾನು ಗಂಗಾವತಿ ಕಡೆಯವನು. ನನ್ನದೊಂದು ಹಳೆಯ ಪಿಕಪ್ ಗಾಡಿ ಇದೆ. ಮಿಲ್ಲಿನಿಂದ ಅಕ್ಕಿ, ನುಚ್ಚು, ತೌಡು ತುಂಬಿಕೊಂಡು ಕಂಪ್ಲಿ ಮೇಲೆ ಬಳ್ಳಾರಿಗೆ ಹೋಗುತ್ತೇನೆ. ಬರುವಾಗ ಸಿಕ್ಕಿದ ಲೋಡು ಹಾಕಿಕೊಂಡು ಬರುತ್ತೇನೆ. ಈ ಧಂದೆಯಲ್ಲಿ ಡೀಸೆಲ್ ಎಷ್ಟು ಬೇಕೋ ಫೋನೂ ಅಷ್ಟೇ ಬೇಕು. ಮಿಲ್ಲಿನವರು, ಅಂಗಡಿಯವರು, ಮನೆಯವರು, ಎಲ್ಲರದ್ದೂ ಒಂದೇ ಪ್ರಶ್ನೆ: "ಎಲ್ಲಿ ಅದೀಪಾ?"

ಬಹಳ ವರ್ಷ ನಾನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಗಾಡಿ ಓಡಿಸಿದೆ. ನಮ್ಮ ಓಣಿಯಲ್ಲಿ ನನ್ನ ಕುತ್ತಿಗೆ ಹುಟ್ಟಾ ಸೊಟ್ಟ ಅಂದುಕೊಂಡವರೂ ಇದ್ದಾರೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದದ್ದು ನಿಮಗೆ ನೆನಪಿರಬೇಕು. 33 ಗೇಟಿನಲ್ಲಿ ಒಂದು ಹೋಯಿತು, ಹೊಳೆ ದಂಡೆಯ ಊರುಗಳಿಗೆಲ್ಲ ನಿದ್ದೆ ಹೋಯಿತು. ನೀರು ಜಾಸ್ತಿ ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಅದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹಾಗಾಗಿ ಮರುದಿನ ಬೆಳಗಿನಿಂದ ಫೋನೋ ಫೋನು. "ಹೊಳಿ ಬಂತಾ? ಬ್ರಿಜ್ಜಿನ ಮ್ಯಾಲೆ ನೀರು ಹತ್ತೇತಾ?" ಹತ್ತೋ ಹನ್ನೆರಡೋ ಫೋನಿಗೆ ಉತ್ತರ ಕೊಟ್ಟಿದ್ದೆ. ಆಮೇಲೆ ಬಂದದ್ದನ್ನು ಎತ್ತುವಾಗ ಫೋನು ಭುಜದಿಂದ ಜಾರಿ ಕಾಲ ಹತ್ತಿರ ಬಿತ್ತು. ಕ್ಲಚ್ ಒತ್ತಿದರೆ ಪೂರ್ತಿ ಹೋಗುತ್ತಿಲ್ಲ, ಪೆಡಲಿನ ಅಡಿಯಲ್ಲಿ ಫೋನು. ಮುಂದೆ ರಸ್ತೆ ತುಂಬ ಕುರಿ. ಬ್ರೇಕಿನ ಮೇಲೆ ನಿಂತೇಬಿಟ್ಟೆ. ಗಾಡಿ ಜರ್ಕ್ ಹೊಡೆದು ಬಂದ್ ಆಯಿತು. ಕುರಿಗಾರ ನಿಧಾನ ಬಂದು ಕಿಟಕಿಯಲ್ಲಿ ಬಗ್ಗಿದ. ಪೆಡಲ್ ಕೆಳಗೆ ಇನ್ನೂ "ಹಲೋ, ಹಲೋ" ಅನ್ನುತ್ತಿದ್ದ ಫೋನು ನೋಡಿದ. "ಮಂದಿ ಕುರಿಗೆ ಬುದ್ಧಿ ಇಲ್ಲ ಅಂತಾರ್ರಿ" ಅಂದ. ಅಷ್ಟೇ ಅಂದು ಹೋದ.

ಕಾನೂನೂ ಇದೆ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ, ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಗೆ ಸೇರಿಸಿದ್ದಾರೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳಿಂದ 1 ವರ್ಷದ ತನಕ ಜೈಲು, ಇಲ್ಲವೇ ಎರಡೂ. ಆದರೆ ನಿಜ ಹೇಳಬೇಕೆಂದರೆ ನನ್ನನ್ನು ಅಂಗಡಿಗೆ ಕಳಿಸಿದ್ದು ಕಾಯ್ದೆಯಲ್ಲ, ಆ ಕುರಿಗಾರ.

ತಂದದ್ದು ಒಂದು ಸಣ್ಣ ಡಬ್ಬಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದೇ ಬ್ಲೂಟೂತ್ ಮಾಡ್ಯೂಲ್, ಫೋನಿನ ಮಾತನ್ನು ತಂತಿಯಿಲ್ಲದೆ ಗಾಡಿಯ ಸ್ಪೀಕರಿಗೆ ತರುವ ಡಬ್ಬಿ. ಜೊತೆಗೆ ಉದ್ದದ ತಂತಿ, ಅದರ ತುದಿಗೆ ಕಡಲೆಕಾಳಿನಷ್ಟು ಮೈಕು. ಫೋನ್ ಎತ್ತಲು ಒಂದು ಗುಂಡಿ, ಇಡಲು ಒಂದು ಗುಂಡಿ. ಮತ್ತೆ ಒಂದು ಗೊಂಚಲು ಬಣ್ಣದ ವೈರು. ಇದನ್ನು ಸ್ಟೀರಿಯೊಗೂ ಸ್ಪೀಕರಿಗೂ ನಡುವೆ ಸೇರಿಸಬೇಕು. ಹಾಡು ಬರುತ್ತಿರುವಾಗ ಫೋನ್ ಬಂದರೆ ಇದು ಸ್ಟೀರಿಯೊದ ಬಾಯಿ ಮುಚ್ಚಿಸಿ, ಸ್ಪೀಕರನ್ನು ತಾನು ಹಿಡಿಯುತ್ತದೆ. ಮಾತು ಮುಗಿದ ಮೇಲೆ ಹಾಡಿಗೆ ಬಿಟ್ಟುಕೊಡುತ್ತದೆ.

ಬ್ಲೂಟೂತ್ ಅಂದರೆ ನೀಲಿ ಹಲ್ಲು. ಹತ್ತನೇ ಶತಮಾನದಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಅಂತ ಒಬ್ಬ ರಾಜ ಇದ್ದ, ಅವನ ಅಡ್ಡಹೆಸರು ಅದು. ಫೋನು, ಗಾಡಿ ಎರಡೂ ರೇಡಿಯೋ ಅಲೆಯಲ್ಲೇ ಮಾತಾಡುತ್ತವೆ. ಆದರೆ ಒಂದೇ ಅಲೆಯಲ್ಲಿ ಕೂರುವುದಿಲ್ಲ. 79 ಚಾನೆಲ್ಲುಗಳಲ್ಲಿ ಸೆಕೆಂಡಿಗೆ 1,600 ಸಲ ಜಿಗಿಯುತ್ತಾ ಇರುತ್ತವೆ. ಅದಕ್ಕೇ ಪಕ್ಕದ ಗಾಡಿಯವನ ಬ್ಲೂಟೂತು ನಮ್ಮದಕ್ಕೆ ಅಡ್ಡ ಬರುವುದು ಕಡಿಮೆ.

ಭಾನುವಾರ ನಾನೇ ಕೈ ಹಾಕಿದೆ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದೆ. ಪ್ಲಸ್ ಮೊದಲು ಬಿಚ್ಚಲು ಹೋದರೆ ಪಾನಾ ಬಾಡಿಗೆ ತಗುಲಿ ಕಿಡಿ ಹಾರುತ್ತದೆ, ಅದು ನನಗೆ ಗೊತ್ತಿತ್ತು. ಸ್ಟೀರಿಯೊ ಎಳೆದು ನೋಡಿದರೆ ಹಿಂದೆ ಪ್ಲಗ್ಗೇ ಇಲ್ಲ! ಹಿಂದಿನ ಮಾಲೀಕನ ಕಾಲದಲ್ಲಿ ಯಾರೋ ಪ್ಲಗ್ ಕತ್ತರಿಸಿ, ವೈರುಗಳನ್ನು ತಿರುಚಿ ಟೇಪು ಸುತ್ತಿದ್ದರು. ನಮ್ಮ ಬಿಸಿಲು ನಿಮಗೆ ಗೊತ್ತಲ್ವಾ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಮುಚ್ಚಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡಿನೊಳಗೆ ಇನ್ನೂ ಜಾಸ್ತಿ. ಟೇಪಿನ ಅಂಟೆಲ್ಲ ಕರಗಿ ಹಲಸಿನ ಮೇಣದ ಹಾಗೆ ಬೆರಳಿಗೆ ಹತ್ತಿತು.

ಸ್ಟೀರಿಯೊಗೆ ಕರೆಂಟು ಎರಡು ದಾರಿಯಲ್ಲಿ ಬರುತ್ತದೆ. ಹಳದಿ ವೈರಿನಲ್ಲಿ ಯಾವಾಗಲೂ 12 ವೋಲ್ಟ್ ಇರುತ್ತದೆ. ಕೆಂಪು ವೈರಿನಲ್ಲಿ ಕೀಲಿ ತಿರುವಿದಾಗ ಮಾತ್ರ. ಕಪ್ಪು ಅರ್ತಿಂಗ್, ಅಂದರೆ ಕರೆಂಟು ಗಾಡಿಯ ಬಾಡಿಗೆ ವಾಪಸ್ ಹೋಗುವ ದಾರಿ. ಪದ್ಧತಿ ಹೀಗಿದ್ದರೂ ನನ್ನ ಗಾಡಿಯಲ್ಲಿ ಯಾವ ಬಣ್ಣಕ್ಕೆ ಯಾವ ಬಣ್ಣ ಜೋಡಿಸಿದ್ದರೋ ಆ ದೇವರೇ ಬಲ್ಲ. ಕರೆಂಟು ಇದ್ದರೆ ಉರಿಯುವ ಟೆಸ್ಟ್ ಲ್ಯಾಂಪ್ ಹಿಡಿದು ನೋಡಬೇಕಿತ್ತು, ನೋಡಲಿಲ್ಲ. ಅಂದಾಜಿಗೆ ಜೋಡಿಸಿದೆ. ಕೀಲಿ ತಿರುವಿದೆ. ಡಬ್ಬಿಯಲ್ಲಿ ನೀಲಿ ದೀಪ ಮಿನುಗಿತು, ಫೋನಿಗೆ ಜೋಡಿಯಾಯಿತು. ನನ್ನ ಖುಷಿ ಕೇಳಬೇಡಿ.

ಆ ರಾತ್ರಿ ಒಂಬತ್ತಕ್ಕೆ ಊಟಕ್ಕೆ ಕೂತಿದ್ದೆ. ಮಿಲ್ಲಿನ ಸಾವ್ಕಾರರ ಫೋನು ಬಂತು. ಎತ್ತಿ "ಹೇಳ್ರಿ ಸಾವ್ಕಾರ್ರ" ಅಂದೆ. ಸದ್ದಿಲ್ಲ. "ಹಲೋ" ಅಂದೆ. ಊಹೂಂ. ಇಟ್ಟೆ. ಮತ್ತೆ ಬಂತು, ಮತ್ತೆ ಅದೇ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಕಟ್ಟೆಯಿಂದ ಕೂಗಿದಳು: "ಏ ತಮ್ಮಾ, ನಿನ್ನ ಗಾಡ್ಯಾಗ ಯಾರೋ ಕುಂತು ಬೈಲಿಕ್ಕತ್ಯಾರ ನೋಡು!"

ಓಡಿ ಹೋಗಿ ನೋಡಿದೆ. ಅಂಗಳದಲ್ಲಿ ಬೀಗ ಹಾಕಿ ನಿಲ್ಲಿಸಿದ್ದ ಗಾಡಿಯೊಳಗೆ ಸಾವ್ಕಾರರು ಹಳೆ ಬಾಕಿಯ ಲೆಕ್ಕ ಒಪ್ಪಿಸುತ್ತಿದ್ದಾರೆ. ಕಿಟಕಿ ಅರ್ಧ ಇಳಿದಿತ್ತು. ಓಣಿಗೆಲ್ಲ ನನ್ನ ಸಾಲ ಗೊತ್ತಾಯಿತು.

ಕಾರಣ ಸರಳ. ಕೀಲಿಯ ಜೊತೆ ಸಾಯಬೇಕಾದ ವೈರನ್ನು ನಾನು ಯಾವಾಗಲೂ ಜೀವ ಇರುವ ವೈರಿಗೆ ಜೋಡಿಸಿದ್ದೆ. ಮಾಡ್ಯೂಲ್ ಮಲಗಲೇ ಇಲ್ಲ. ಬ್ಲೂಟೂತು ಹತ್ತು ಮೀಟರಿನಷ್ಟು ದೂರ ಹಿಡಿಯುತ್ತದೆ, ನಾನು ಊಟಕ್ಕೆ ಕೂತದ್ದು ಅದರೊಳಗೇ.

ಮರುದಿನ ಬಳ್ಳಾರಿಯಲ್ಲಿ ಲೋಡು ಇಳಿಯುವ ಹೊತ್ತಿಗೆ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹುಡುಗನ ಹತ್ತಿರ ನಿಲ್ಲಿಸಿದೆ. ಅವನು ನನ್ನ ಕೆಲಸ ನೋಡಿ ನಗಲಿಲ್ಲ, ಅದೇ ಅವನ ದೊಡ್ಡತನ. "ಅಣ್ಣಾ, ನೀ ಒಗ್ಗರಣಿ ಮಿರ್ಚಿ ತಿಂದು ಬಾ" ಅಂತ ಕಳಿಸಲು ನೋಡಿದ. ನಾನು ಹೋಗಲಿಲ್ಲ, ಪೊಟ್ಟಣ ಅಲ್ಲಿಗೇ ತರಿಸಿಕೊಂಡು ನಿಂತು ನೋಡಿದೆ. ಒಂದೊಂದೇ ವೈರಿಗೆ ಲ್ಯಾಂಪ್ ಹಿಡಿದ. ಕೀಲಿ ಆಫ್ ಇದ್ದಾಗಲೂ ಉರಿದರೆ ಅದು ಬ್ಯಾಟರಿ ವೈರು, ತಿರುವಿದಾಗ ಮಾತ್ರ ಉರಿದರೆ ಅದು ಕೀಲಿಯ ವೈರು. ತಿರುಚಿದ್ದನ್ನೆಲ್ಲ ಬಿಚ್ಚಿ ಬೆಸುಗೆ ಹಾಕಿದ. ಟೇಪಿನ ಬದಲು ಸ್ಲೀವ್ ಏರಿಸಿ ಲೈಟರಿನಿಂದ ಕಾಯಿಸಿದ. ಅದು ಕುಗ್ಗಿ ವೈರನ್ನು ಅಪ್ಪಿಕೊಂಡಿತು. ಬ್ಯಾಟರಿ ವೈರಿಗೆ ಸಣ್ಣ ಫ್ಯೂಸ್ ಹಾಕಿದ. "ಇದು ಹೋದ್ರ ಇಂಥದ್ದ ಹಾಕು ಅಣ್ಣಾ, ಸಿಗರೇಟಿನ ಬೆಳ್ಳಿ ಹಾಳಿ ಸುತ್ತಬ್ಯಾಡ" ಅಂದ. ನನ್ನ ಮುಖದಲ್ಲಿ ಏನು ಕಂಡನೋ ಏನೋ. ಕೇಳುಗರಿಗೆ ನನ್ನದೊಂದು ಮಾತು. ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಅದರ ಕನೆಕ್ಟರೂ ಹಳದಿ ಬಣ್ಣದ್ದೇ. ಅದರ ತಂಟೆಗೆ ಮಾತ್ರ ಹೋಗಬೇಡಿ.

ಇಷ್ಟಾದರೂ ಒಂದು ಕಾಟ ಉಳಿಯಿತು. ಗಾಡಿ ಚಾಲೂ ಮಾಡಿದರೆ ಸ್ಪೀಕರಿನಲ್ಲಿ ಸೊಳ್ಳೆಯ ರಾಗ. ಎಕ್ಸಿಲರೇಟರ್ ಒತ್ತಿದಷ್ಟೂ ರಾಗ ಮೇಲೇರುತ್ತದೆ. ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಸದ್ದು, ಅರ್ತಿಂಗ್ ಸರಿ ಇಲ್ಲದಿದ್ದರೆ ಹೀಗಾಗುತ್ತದಂತೆ. ಹುಡುಗ ಕಪ್ಪು ವೈರು ಕೂತಿದ್ದ ಬೋಲ್ಟ್ ಬಿಚ್ಚಿದ. ಕೆಳಗೆ ಬಣ್ಣ. ಬಣ್ಣದ ಮೇಲೆ ಅರ್ತಿಂಗ್ ಹೇಗೆ ಕೂರಬೇಕು? ಸ್ಯಾಂಡ್‌ಪೇಪರಿನಿಂದ ತಿಕ್ಕಿದ, ತಗಡು ಬೆಳ್ಳಗೆ ಕಂಡಿತು. ಸ್ಟೀರಿಯೊ, ಮಾಡ್ಯೂಲು ಎರಡರ ಕಪ್ಪು ವೈರನ್ನೂ ಆ ಒಂದೇ ಜಾಗಕ್ಕೆ ಬಿಗಿದ. ಸೊಳ್ಳೆ ಸತ್ತಿತು.

ಆದರೆ ಕೇಳುಗರೇ, ಇಡೀ ಕೆಲಸದ ಜೀವ ಇರುವುದು ಆ ಕಡಲೆಕಾಳಿನಷ್ಟು ಮೈಕಿನಲ್ಲಿ. ಅದನ್ನು ಎಲ್ಲಿ ಇಡುತ್ತೀರಿ ಅನ್ನುವುದರಲ್ಲಿ. ನಾನು ಮೊದಲು ಸ್ಟೀರಿಯೊ ಪಕ್ಕ ಅಂಟಿಸಿದ್ದೆ, ನೋಡಲು ಚಂದ ಅಂತ. ಡೀಸೆಲ್ ಗಾಡಿಯ ಡ್ಯಾಶ್‌ಬೋರ್ಡು ಸದಾ ನಡುಗುತ್ತಿರುತ್ತದೆ. ನನ್ನ ಹೆಂಡತಿ, "ನೀವು ಹಿಟ್ಟಿನ ಗಿರಣ್ಯಾಗ ಕುಂತು ಮಾತಾಡಿದಂಗ ಕೇಳತೈತ್ರಿ" ಅಂದಳು. ಕಿಟಕಿ ಬದಿಗೆ ಇಟ್ಟರೆ ಬರೀ ಗಾಳಿ. ಬಾಗಿಲಿನ ಸ್ಪೀಕರ್ ಹತ್ತಿರ ಇಟ್ಟರೆ ಅವಳ ಮಾತು ಅವಳಿಗೇ ವಾಪಸ್ ಕೇಳುತ್ತದೆ. ಕೊನೆಗೆ ಗಾಜಿನ ಮೇಲೆ, ಬಿಸಿಲಿಗೆ ಇಳಿಸುವ ಮಡಚು ಹಲಗೆ ಇರುತ್ತದಲ್ಲ, ಅದರ ಪಕ್ಕ, ನನ್ನ ಬಾಯಿಗೆ ಮುಖ ಮಾಡಿ ಕೂರಿಸಿದೆವು. ವೈರನ್ನು ಗಾಜಿನ ಪಕ್ಕದ ಕಂಬದ ಪಟ್ಟಿಯೊಳಗೆ ತೂರಿಸಿ ಇಳಿಸಿದೆವು, ಸ್ಟೇರಿಂಗ್ ರಾಡಿಗೆ ತಾಗದ ಹಾಗೆ ಟೈ ಬಿಗಿದೆವು. ಮನೆಗೆ ಫೋನ್ ಮಾಡಿದೆ. "ಈಗ ಎಲ್ಲಿ ಕುಂತೀರಿ? ಗಾಡಿ ನಿಲ್ಸೀರೇನು?" ಅಂತ ಕೇಳಿದಳು.

ಅಲ್ಲೇ ಹೊಸ ತೊಂದರೆ ಶುರುವಾಯಿತು. ಮೊದಲು ಗಡಗಡ ಸದ್ದು ಕೇಳಿ ಜನ, ಪಾಪ ಓಡಿಸ್ತಿದಾನೆ ಅಂತ ಬೇಗ ಇಡುತ್ತಿದ್ದರು. ಈಗ ಸ್ವಚ್ಛ ಕೇಳುವುದರಿಂದ ನಾನು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದೇನೆ ಅಂದುಕೊಳ್ಳುತ್ತಾರೆ. ಒಂದು ದಿನ ತೌಡಿನ ರೇಟು ಮಾತಾಡುತ್ತಾ ಬರುತ್ತಿದ್ದೆ. ಎರಡೂ ಕೈ ಸ್ಟೇರಿಂಗ್ ಮೇಲೆ, ಕಣ್ಣು ರಸ್ತೆ ಮೇಲೆ. ಮಾತು ಮುಗಿಸಿ ನೋಡಿದರೆ ಕುರುಗೋಡು ಗುಡ್ಡ ಹಿಂದೆ ಬಿದ್ದಿದೆ. ಅಷ್ಟು ದೊಡ್ಡ ಗುಡ್ಡ ಯಾವಾಗ ದಾಟಿತೋ ನನಗೆ ನೆನಪೇ ಇಲ್ಲ! ಗುಡ್ಡವೇ ಕಾಣದವನಿಗೆ ರಸ್ತೆಯಲ್ಲಿ ಒಣಗಲು ಹಾಕಿದ ಭತ್ತ, ಅದರ ಅಂಚಿಗೆ ಇಟ್ಟ ಕಲ್ಲು ಕಂಡೀತೇ? 60ರ ಸ್ಪೀಡಿನಲ್ಲಿ ಗಾಡಿ ಮೂರು ಸೆಕೆಂಡಿಗೆ 50 ಮೀಟರ್ ಹೋಗಿರುತ್ತದೆ. ಕೈ ಖಾಲಿ ಇತ್ತು ನಿಜ, ತಲೆಯಲ್ಲಿ ತೌಡು ತುಂಬಿತ್ತು. ಈಗ ರೇಟಿನ ಮಾತಾದರೆ, "ನಿಲ್ಲಿಸಿ ಮಾಡ್ತೀನ್ರಿ" ಅಂದು ಗುಂಡಿ ಒತ್ತುತ್ತೇನೆ.

ಇನ್ನೊಂದು ಸಂಗತಿ ಯಾರೂ ನನಗೆ ಹೇಳಿರಲಿಲ್ಲ. ಕ್ಯಾಬಿನ್ನಿನಲ್ಲಿ ನನ್ನ ಪಕ್ಕ ಇಬ್ಬರು ಹಮಾಲರು ಕೂತಿದ್ದರು. ಅಂಗಡಿಯವರೊಬ್ಬರ ಫೋನು ಬಂತು. ಎತ್ತಿದ ಕೂಡಲೇ ಅವರು, "ಆ ಹಮಾಲಿ ಮಂದಿಗೆ ಈ ಸಲ ಚೀಲಕ್ಕ ಒಂದು ರೂಪಾಯಿ ಕಮ್ಮಿ ಮಾಡಿ ಹೇಳು" ಅಂದರು. ಎರಡು ಸ್ಪೀಕರಿನಲ್ಲಿ, ಒಳ್ಳೆ ಸ್ಪಷ್ಟವಾಗಿ. ನಾನು ಗುಂಡಿ ಹುಡುಕುವುದರೊಳಗೆ ಹಿರಿಯ ಹಮಾಲ ಮೈಕಿನ ಕಡೆ ಕತ್ತೆತ್ತಿ, "ಕೇಳಿಸ್ತ್ರಿ ಸಾವ್ಕಾರ್ರ, ಆಗಂಗಿಲ್ಲ" ಅಂದ. ಆ ಕಡೆ ಫೋನ್ ಇಟ್ಟ ಸದ್ದು. ರೂಪಾಯಿ ಕಮ್ಮಿ ಆಗಲಿಲ್ಲ.

ಅವತ್ತಿನಿಂದ ಫೋನ್ ಎತ್ತಿದ ತಕ್ಷಣ ನಾನು "ಸ್ಪೀಕರ್ ಐತ್ರಿ, ಮಂದಿ ಅದಾರ" ಅನ್ನುತ್ತೇನೆ. ನನ್ನ ಹೆಂಡತಿಯಂತೂ ನನ್ನನ್ನು ಮಾತಾಡಿಸುವುದೇ ಕಡೆಗೆ. ಮೊದಲು, "ಗಾಡ್ಯಾಗ ಯಾರ್ಯಾರು ಅದೀರಿ?" ಅಂತ ಕೇಳುತ್ತಾಳೆ. ಇರುವವರೆಲ್ಲ ಒಬ್ಬೊಬ್ಬರಾಗಿ ಹೆಸರು ಹೇಳುತ್ತಾರೆ. ಉಂಡಿರಾ, ಮಕ್ಕಳು ಸಾಲಿಗೆ ಹೋದವಾ ಅಂತೆಲ್ಲ ಆಗುವಷ್ಟರಲ್ಲಿ ಕಂಪ್ಲಿ ಸೇತುವೆ ಬಂದಿರುತ್ತದೆ.

ನಮಸ್ಕಾರ.