ಬೌನ್ಸ್ ಆದ ಚೆಕ್ಕು, ಒಂಬತ್ತನೇ ಕ್ಲಾಸು

ಈ ಸದ್ದು ಕೇಳಿಸುತ್ತಿದೆ ಅಲ್ವಾ? ಮಡಿಕೇರಿಯ ಜುಲೈ ಮಳೆ, ನಮ್ಮ ಶಾಲೆಯ ತಗಡಿನ ಶೀಟಿನ ಮೇಲೆ. ಇದರ ನಡುವೆ ಮೆತ್ತಗೆ ಪಾಠ ಮಾಡಿದರೆ ಯಾರಿಗೂ ಕೇಳುವುದಿಲ್ಲ. ಅದಕ್ಕೇ ಈ ವಾರದ ಇಂಗ್ಲಿಷ್ ಕ್ಲಾಸಿಗೆ ಗಟ್ಟಿಯಾಗಿ ಓದುವಂಥದ್ದನ್ನೇ ಆರಿಸಿದೆ. ಅಮೆರಿಕದ ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾಡಿದ ಭಾಷಣ.

ಮೊದಲ ದಿನ ಅರ್ಥ ಹೇಳಲಿಲ್ಲ. ಸುಮ್ನೆ ಓದಿಸಿದೆ. ಒಬ್ಬರು ನಿಂತು ಓದಬೇಕು, ಉಳಿದವರು ಮತ್ತೆ ಮತ್ತೆ ಬರುವ ಮಾತಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಬೇಕು. 'ಐ ಹ್ಯಾವ್ ಎ ಡ್ರೀಮ್' ಎಂಟು ಸಲ ಸಿಕ್ಕಿತು. ಕೊನೆ ಕೊನೆಗೆ ಹಿಂದಿನ ಬೆಂಚೂ ದನಿ ಸೇರಿಸಿತು. ಕಿಂಗ್ ಬರೆದು ತಂದ ಹಾಳೆಯಲ್ಲಿ ಈ ಕನಸಿನ ಭಾಗ ಇರಲೇ ಇಲ್ಲ ಎಂದಾಗ ಮಕ್ಕಳ ಮುಖ ನೋಡಬೇಕಿತ್ತು.

ಆದರೆ ನನಗೆ ಜಾಸ್ತಿ ಇಷ್ಟವಾಗುವುದು ಅದಕ್ಕೂ ಮುಂಚಿನ ಭಾಗ. ಕಿಂಗ್ ಅಲ್ಲಿ ಚೆಕ್ಕಿನ ಮಾತು ತರುತ್ತಾರೆ. ದೇಶ ಕಟ್ಟಿದವರು ಎಲ್ಲರಿಗೂ ಸ್ವಾತಂತ್ರ್ಯದ ಹಕ್ಕು ಬರೆದುಕೊಟ್ಟರು. ಕಪ್ಪು ಜನರ ಪಾಲಿಗೆ ಮಾತ್ರ ಆ ಚೆಕ್ಕು ಖಾತೆಯಲ್ಲಿ ದುಡ್ಡಿಲ್ಲ ಎಂದು ವಾಪಸ್ ಬಂತು. ಇದನ್ನು ಹೇಗಪ್ಪಾ ವಿವರಿಸುವುದು ಎಂದುಕೊಳ್ಳುವಷ್ಟರಲ್ಲಿ ಒಬ್ಬ ಹುಡುಗ ಎದ್ದು ನಿಂತ. ಅವರ ಮನೆಯಲ್ಲಿ ಕಾಫಿ ಮಾರಿದ ದುಡ್ಡಿನ ಚೆಕ್ಕು ಒಮ್ಮೆ ಬೌನ್ಸ್ ಆಗಿತ್ತಂತೆ. ವರ್ಷವಿಡೀ ತೋಟದಲ್ಲಿ ದುಡಿದದ್ದು, ಕೈಯಲ್ಲಿ ಒಂದು ಕಾಗದ. "ಹಾಗಾದ್ರೆ ಇವರು ಬಾಕಿ ವಸೂಲಿಗೆ ಬಂದಿದ್ದಾರೆ ಮಿಸ್" ಎಂದ.

ಎಷ್ಟು ಸರಿಯಾಗಿ ಹಿಡಿದ! ಬಾಕಿ ಕೇಳುವವನು ತಲೆ ತಗ್ಗಿಸಬೇಕಿಲ್ಲ. ಆ ಒಂದು ಹೋಲಿಕೆಯಿಂದಲೇ ಇಡೀ ಭಾಷಣಕ್ಕೆ ಬೆನ್ನೆಲುಬು ಬಂದಿದೆ. ಕೇಳುವವರನ್ನು ಒಪ್ಪಿಸಲು ಗ್ರೀಕ್ ಚಿಂತಕ ಅರಿಸ್ಟಾಟಲ್ ಹೇಳಿದ ಮೂರು ದಾರಿ, ಎಥೋಸ್ (ಮಾತಾಡುವವರ ಮೇಲಿನ ನಂಬಿಕೆ), ಪೇಥೋಸ್ (ಕೇಳುವವರ ಭಾವನೆ), ಲೋಗೋಸ್ (ತರ್ಕ), ಬೋರ್ಡಿಗೆ ಬಂದದ್ದು ಆಮೇಲೆ. ಹೆಸರು ಮೊದಲು ಕೊಟ್ಟರೆ ಮಕ್ಕಳು ಹೆಸರನ್ನಷ್ಟೇ ಹುಡುಕುತ್ತಾರೆ. ಇದು ನನ್ನ ಅನುಭವ.

ಶುಕ್ರವಾರದ ಕೆಲಸ: ಮನೆಯಲ್ಲಿ ಒಬ್ಬರನ್ನು ಒಪ್ಪಿಸುವ ಎರಡು ನಿಮಿಷದ ಭಾಷಣ, ಇಂಗ್ಲಿಷ್‌ನಲ್ಲಿ. ಒಬ್ಬಳಿಗೆ ಮೈಸೂರಿನ ಹಾಕಿ ಕ್ಯಾಂಪಿಗೆ ಹೋಗಬೇಕು, ಅಪ್ಪ ಬೇಡ ಅಂದಿದ್ದಾರೆ. ಅವಳು ಅಳಲಿಲ್ಲ, ಬೇಡಲೂ ಇಲ್ಲ. ಬೇಸಿಗೆಯಲ್ಲಿ ಮೆಣಸು ಕೊಯ್ಯುವಾಗ ಅಪ್ಪ ಕೊಟ್ಟ ಮಾತನ್ನು ನೆನಪಿಸುತ್ತಲೇ ಶುರು ಮಾಡಿದಳು: "ಅಪ್ಪಾ, ನೀವು ನನಗೊಂದು ಚೆಕ್ ಕೊಟ್ಟಿದ್ದೀರಿ."