ಯಾವ ರೋಗಕ್ಕೆ ಯಾವ ಪ್ರಾಣಿ?

ಕಾರವಾರ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುತ್ತ ರೇಡಿಯೋ ಹಚ್ಚಿಕೊಂಡವರಿಗೂ, ಬೈತಖೋಲದ ಬಂದರಿನಲ್ಲಿ ಬಲೆ ಸರಿಪಡಿಸುತ್ತ ಕುಳಿತವರಿಗೂ ನಾನು ಇಂದು ಹೇಳಬೇಕಾಗಿರುವುದು ಒಂದೇ ಮಾತು: ಪ್ರತಿಯೊಂದು ರೋಗದ ಅಧ್ಯಯನಕ್ಕೆ ಆ ರೋಗಕ್ಕೆ ತಕ್ಕ ಪ್ರಾಣಿಯೇ ಬೇಕು. ಬಂಗಡೆಯ ಬಲೆಯಲ್ಲಿ ಸಿಗಡಿ ನಿಲ್ಲುವುದಿಲ್ಲ ಎಂಬುದನ್ನು ಮೀನುಗಾರರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ಹೆಸರೆತ್ತಿದೊಡನೆ ರೇಡಿಯೋದ ಧ್ವನಿ ತಗ್ಗಿಸುವವರಿದ್ದಾರೆ. ದಯವಿಟ್ಟು ತಗ್ಗಿಸಬೇಡಿ. ಸಿಫಿಲಿಸ್ ಗರ್ಭಿಣಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ದಾಟುವ ರೋಗ. ಇದು ಮನೆಮಂದಿಯೆಲ್ಲ ಕೇಳಬೇಕಾದ ವಿಷಯ.

ಮಂಗನ ಕಾಯಿಲೆ ನಮಗೂ ಬರುತ್ತದೆ, ಮಂಗಗಳಿಗೂ ಬರುತ್ತದೆ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ನಮ್ಮ ಘಟ್ಟದ ಜನ ಎಚ್ಚರಗೊಳ್ಳುತ್ತಾರೆ. ಆದರೆ ಲೈಂಗಿಕ ಸೋಂಕುಗಳಲ್ಲಿ ಹಲವು ಮನುಷ್ಯರನ್ನೇ ನೆಚ್ಚಿಕೊಂಡಿವೆ. ಗೊನೋರಿಯಾದ ರೋಗಾಣು ತನಗೆ ಬೇಕಾದ ಕಬ್ಬಿಣವನ್ನು ಮನುಷ್ಯರ ರಕ್ತದ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನಿಂದ ಕಸಿದುಕೊಳ್ಳುತ್ತದೆ. ಇಲಿಯ ಟ್ರಾನ್ಸ್‌ಫೆರಿನ್ ಅದಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಹೆಣ್ಣಿಲಿಗೆ ಈಸ್ಟ್ರೊಜೆನ್ ಹಾರ್ಮೋನು ಕೊಟ್ಟು ಅಣಿಗೊಳಿಸಿದರೂ ಸೋಂಕು ಹೆಚ್ಚು ಕಾಲ ನಿಲ್ಲುವುದಿಲ್ಲ.

ತಕ್ಕ ಪ್ರಾಣಿ ಸಿಕ್ಕಾಗ ಏನಾಗುತ್ತದೆಂಬುದಕ್ಕೆ ನನಗೆ ಬಹು ಪ್ರಿಯವಾದ ಪ್ರಸಂಗವೊಂದಿದೆ. ಸಿಫಿಲಿಸ್ಸನ್ನು ಚಿಂಪಾಂಜಿಗೆ ತಗಲಿಸಬಹುದೆಂದು 1903ರಲ್ಲಿ ಪ್ಯಾರಿಸ್ಸಿನಲ್ಲಿ ಮೆಚ್ನಿಕಾಫ್ ಮತ್ತು ರೂ ಎಂಬ ವಿಜ್ಞಾನಿಗಳು ತೋರಿಸಿದರು. ಆದರೆ ಔಷಧಗಳನ್ನು ಒಂದೊಂದಾಗಿ ಪರೀಕ್ಷಿಸಲು ಅಷ್ಟು ಚಿಂಪಾಂಜಿಗಳನ್ನು ಎಲ್ಲಿಂದ ತರುವುದು? ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಪಾಲ್ ಎರ್ಲಿಖ್ ಅವರ ಪ್ರಯೋಗಾಲಯದಲ್ಲಿ ನೂರಾರು ಆರ್ಸೆನಿಕ್ ಸಂಯುಕ್ತಗಳು ಸಿದ್ಧವಾಗಿದ್ದವು. ಅವುಗಳಲ್ಲಿ 606 ಎಂಬ ಸಂಖ್ಯೆಯದನ್ನು ಹಿಂದಿನ ಸಹಾಯಕರೊಬ್ಬರು ಪ್ರಯೋಜನವಿಲ್ಲವೆಂದು ಬದಿಗಿಟ್ಟಿದ್ದರು. 1909ರಲ್ಲಿ ಜಪಾನಿನಿಂದ ಸಹಾಚಿರೊ ಹಾತಾ ಅಲ್ಲಿಗೆ ಬಂದರು. ಅವರ ಕೈಯಲ್ಲಿದ್ದ ವಿದ್ಯೆ ಒಂದೇ, ಮೊಲಕ್ಕೆ ಸಿಫಿಲಿಸ್ ತಗಲಿಸುವ ವಿದ್ಯೆ. ಹಳೆಯ ಸಂಯುಕ್ತಗಳನ್ನೆಲ್ಲ ಮತ್ತೆ ಪರೀಕ್ಷಿಸಿರೆಂದು ಎರ್ಲಿಖ್ ಹೇಳಿದಾಗ, ಹಾತಾ ಬೇಸರಿಸದೆ, ಬಿಟ್ಟುಹೋದವರ ತೀರ್ಮಾನವನ್ನು ನಂಬದೆ, ಒಂದೊಂದನ್ನೂ ಮುಟ್ಟಿ ನೋಡಿದರು. 606 ಚುಚ್ಚಿದ ಮೊಲಗಳ ಹುಣ್ಣು ಮಾಯಿತು. ಮರುವರ್ಷವೇ ಅದು ಸಾಲ್ವರ್ಸಾನ್ ಎಂಬ ಹೆಸರಿನಲ್ಲಿ ರೋಗಿಗಳನ್ನು ಮುಟ್ಟಿತು; 1940ರ ದಶಕದಲ್ಲಿ ಪೆನಿಸಿಲಿನ್ ಬರುವವರೆಗೂ ಸಿಫಿಲಿಸ್ ಚಿಕಿತ್ಸೆ ನಿಂತಿದ್ದು ಈ ಬಗೆಯ ಆರ್ಸೆನಿಕ್ ಔಷಧಗಳ ಮೇಲೆ. ಔಷಧ ಮೊದಲೇ ಇತ್ತು. ಅದರ ಗುಣವನ್ನು ತೋರಿಸಿಕೊಡುವ ಪ್ರಾಣಿ ಇರಲಿಲ್ಲ. ಈ ಮಾತನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಮೂಕಪ್ರಾಣಿಗಳಿಗೆ ಈ ನೋವು ಏಕೆಂದು ಶಿರಸಿಯ ಒಂದು ಸಭೆಯಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದು. ತಕ್ಕದ್ದಲ್ಲದ ಪ್ರಾಣಿಯನ್ನು ಆರಿಸಿದರೆ ಆ ನೋವೆಲ್ಲ ವ್ಯರ್ಥ, ಅದನ್ನು ನಾನು ಕ್ರೌರ್ಯವೆಂದೇ ಕರೆಯುತ್ತೇನೆ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾನೂನಿನಡಿ ಇಂಥ ಪ್ರಯೋಗಗಳಿಗೆ ಸಮಿತಿಯ ಅನುಮತಿ ಬೇಕು. ಏಕೆ ಈ ಪ್ರಾಣಿ ಎಂಬುದಕ್ಕೆ ಅಲ್ಲಿ ಉತ್ತರ ಕೊಡಲೇಬೇಕು.

ನನಗಿರುವ ಸಮಯ ಮುಗಿಯುತ್ತ ಬಂದಿರುವುದರಿಂದ ಉಳಿದವನ್ನು ಬೇಗ ಹೇಳುತ್ತೇನೆ. ಗುಪ್ತಾಂಗದ ಹರ್ಪಿಸ್ ಮನುಷ್ಯರಲ್ಲಿ ಮರುಕಳಿಸುವಂತೆ ಗಿನಿಪಿಗ್‌ಗಳಲ್ಲಿ ತಾನಾಗಿ ಮರುಕಳಿಸುತ್ತದೆ, ಇಲಿಗಳಲ್ಲಿ ಹಾಗಾಗುವುದಿಲ್ಲ. ಆದ್ದರಿಂದ ಅದಕ್ಕೆ ಗಿನಿಪಿಗ್ಗೇ ಬೇಕು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ಮನುಷ್ಯರ ವೈರಸ್. ಅದರ ಲಸಿಕೆಯ ಉಪಾಯವನ್ನು ನಾಯಿಯ ಬಾಯಿಯಲ್ಲಿ ನರುಲಿ ಎಬ್ಬಿಸುವ ದಾಯಾದಿ ವೈರಸ್ಸಿನ ಮೇಲೆ ಪರೀಕ್ಷಿಸಿದರು, 2006ರಲ್ಲಿ ಹೆಣ್ಣುಮಕ್ಕಳಿಗೆ ಲಸಿಕೆ ಬಂತು. ಏಡ್ಸ್ ತರುವ ಎಚ್‌ಐವಿಯ ಅಧ್ಯಯನಕ್ಕೆ ಬೇಕಾದವು ಮಕಾಕ್ ಕೋತಿಗಳು ಮತ್ತು ಎಚ್‌ಐವಿಯ ಹತ್ತಿರದ ಬಂಧುವಾದ, ಕೋತಿಗಳಿಗೆ ತಗಲುವ ಎಸ್‌ಐವಿ ಎಂಬ ವೈರಸ್.

ಮೊಲದ ಬಗ್ಗೆ ಇನ್ನೊಂದು ಮಾತು. ಸಂಶೋಧಕರು ಇಂದಿಗೂ ಬಳಸುವ ಸಿಫಿಲಿಸ್ ರೋಗಾಣುವಿನ ನಿಕಲ್ಸ್ ಎಂಬ ತಳಿಯನ್ನು 1912ರಲ್ಲಿ ಒಬ್ಬ ರೋಗಿಯಿಂದ ಪಡೆದು, ಮೊಲದಿಂದ ಮೊಲಕ್ಕೆ ದಾಟಿಸುತ್ತ ನೂರು ವರ್ಷಕ್ಕೂ ಮೀರಿ ಉಳಿಸಿಕೊಂಡು ಬಂದಿದ್ದಾರೆ. ಈ ರೋಗಾಣುವನ್ನು ಪ್ರಾಣಿಯ ದೇಹದ ಹೊರಗೆ ದೀರ್ಘಕಾಲ ಬೆಳೆಸುವ ವಿಧಾನ ಪ್ರಕಟವಾದದ್ದು 2018ರಲ್ಲಿ. ಗಾಜಿನ ತಟ್ಟೆಯಲ್ಲಿ ಅದಕ್ಕೆ ಆಸರೆಯಾಗಿ ಇಟ್ಟ ಜೀವಕೋಶಗಳೂ ಮೊಲದವೇ. ನಮಸ್ಕಾರ.